ಸಣ್ಣಗಾದೆ, ಮುಟ್ಟು ನಿಂತಿತು

ಪ್ರಶ್ನೆ: ನನಗೆ 24 ವರ್ಷ, ಮದುವೆಯಾಗಿಲ್ಲ. ಎತ್ತರ 160 ಸೆಂಟಿಮೀಟರ್. ಎಂಟು ತಿಂಗಳ ಹಿಂದೆ 63 ಕಿಲೋ ಇದ್ದೆ. ಅಕ್ಕನ ಮದುವೆಯ ಫೋಟೊಗಳಲ್ಲಿ ನನ್ನನ್ನು ನೋಡಿಕೊಂಡು ಬೇಜಾರಾಗಿ ಡಯಟ್ ಶುರು ಮಾಡಿದೆ. ಬೆಳಿಗ್ಗೆ ಕೆನೆ ತೆಗೆದ ಹಾಲಿನಲ್ಲಿ ಸ್ವಲ್ಪ ಓಟ್ಸ್. ಮಧ್ಯಾಹ್ನ ಎಣ್ಣೆ ಹಾಕದ ಎರಡು ಚಪಾತಿ, ಪಲ್ಯ, ಒಂದು ಬಟ್ಟಲು ಬೇಳೆ, ನೀರು ಮಜ್ಜಿಗೆ. ಸಂಜೆ ಒಂದು ಸೇಬು, ಎರಡು ಮೊಟ್ಟೆಯ ಬಿಳಿ ಭಾಗ. ರಾತ್ರಿ ತರಕಾರಿ ಸೂಪ್, ಸೌತೆಕಾಯಿ. ದಿನಾ ಒಂದು ಗಂಟೆ ಜಿಮ್. ಅನ್ನ ಪೂರ್ತಿ ಬಿಟ್ಟಿದ್ದೇನೆ, ದಾವಣಗೆರೆಯಲ್ಲಿದ್ದೂ ಬೆಣ್ಣೆ ದೋಸೆ ಬಾಯಿಗಿಟ್ಟಿಲ್ಲ. ಈಗ 51 ಕಿಲೋ. ಚೆನ್ನಾಗಿ ಕಾಣುತ್ತೀಯ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಐದು ತಿಂಗಳಿಂದ ತಾನಾಗಿ ಮುಟ್ಟಾಗಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ಐದು ದಿನದ ಮಾತ್ರೆ ನುಂಗಿದಾಗ ಒಮ್ಮೆ ಸ್ವಲ್ಪ ಆಯಿತು. ಎರಡು ತಿಂಗಳು ಬಿಟ್ಟು ಅದೇ ಮಾತ್ರೆ ತೆಗೆದುಕೊಂಡರೆ ಏನೂ ಆಗಲಿಲ್ಲ. ಗೆಳತಿ, ಇದು ಪಿಸಿಓಡಿ ಇರಬೇಕು, ಇನ್ನೂ ತೂಕ ಇಳಿಸು ಎನ್ನುತ್ತಾಳೆ. ಅಜ್ಜಿ ಎಳ್ಳು ಬೆಲ್ಲ ತಿನ್ನು ಎನ್ನುತ್ತಾರೆ. ಮತ್ತೆ ದಪ್ಪಗಾಗದೆ ಮುಟ್ಟು ಬರುವಂತೆ ಮಾಡುವುದು ಹೇಗೆ?
— ಹೆಸರು ಬೇಡ, ದಾವಣಗೆರೆ

ಉತ್ತರ: ನಿಮಗೆ ಸಲಹೆ ಕೊಟ್ಟವರು ಮೂವರು: ಮೆಡಿಕಲ್ ಶಾಪಿನವರು, ಗೆಳತಿ, ಅಜ್ಜಿ. ಮೂವರಲ್ಲಿ ಸರಿಯಾದ ಜಾಗಕ್ಕೆ ಹತ್ತಿರ ಬಂದವರು ಅಜ್ಜಿ. ಎಳ್ಳು ಉಷ್ಣ, ಅದಕ್ಕೇ ಮುಟ್ಟು ಬರುತ್ತದೆ ಎಂದು ಅವರು ಕಾರಣ ಕೊಟ್ಟಿರಬಹುದು. ಕಾರಣ ಸರಿಯಲ್ಲ. ತಿನ್ನು ಎಂಬ ಮಾತು ಮಾತ್ರ ನೂರಕ್ಕೆ ನೂರು ಸರಿ.

ಆ ಮಾತಿಗೆ ಬರುವ ಮೊದಲು ಒಂದು ಕೆಲಸ. ಮನೆಯಲ್ಲೇ ಮಾಡಿಕೊಳ್ಳಬಹುದಾದ ಮೂತ್ರದ ಪ್ರೆಗ್ನೆನ್ಸಿ ಟೆಸ್ಟ್ ಮಾಡಿ ನೋಡಿ. ಮದುವೆಯಾಗಿಲ್ಲ ಎಂದು ಬರೆದಿದ್ದೀರಿ, ಓದಿದ್ದೇನೆ. ಮುಟ್ಟು ತಪ್ಪಿದ ಯಾವ ಹೆಣ್ಣುಮಗಳನ್ನೂ ವೈದ್ಯರು ಮೊದಲು ಕೇಳುವ ಪ್ರಶ್ನೆ ಇದೇ. ಅನುಮಾನದಿಂದ ಕೇಳುವುದಲ್ಲ, ಆ ಒಂದು ಬಾಗಿಲು ಮುಚ್ಚದೆ ಉಳಿದ ಬಾಗಿಲು ತಟ್ಟುವಂತಿಲ್ಲ, ಅಷ್ಟೆ. ಅಗತ್ಯವೇ ಇಲ್ಲ ಎಂದು ನಿಮಗೆ ಖಚಿತವಾಗಿ ಗೊತ್ತಿದ್ದರೆ ಮುಂದೆ ಓದಿ.

ನಮ್ಮ ಮನೆಗಳಲ್ಲಿ "ಮುಟ್ಟು ನಿಂತಿದೆ" ಎಂದರೆ ಎರಡೇ ಅರ್ಥ. ಒಂದೋ ಬಸಿರು, ಇಲ್ಲವೇ ವಯಸ್ಸಾಯಿತು. ಹಾಗಾಗಿ 24ರ ಹುಡುಗಿಗೆ ಈ ಎರಡೂ ಅಲ್ಲದ ಕಾರಣಕ್ಕೆ ನಿಂತಾಗ ಅದನ್ನು ಹೇಳಿಕೊಳ್ಳಲು ಮಾತೇ ಸಿಗುವುದಿಲ್ಲ. ಅಮ್ಮನಿಗೆ ಹೇಳಿದರೆ ಅವರು ಗಾಬರಿಯಾಗುವುದು ಬೇರೆಯದೇ ಕಾರಣಕ್ಕೆ. ಹೀಗೆ ಸುಮ್ಮನಿದ್ದು ಮೆಡಿಕಲ್ ಶಾಪಿಗೆ ಹೋಗುವವರು ನೀವೊಬ್ಬರೇ ಅಲ್ಲ.

ನಿಮ್ಮ ಪತ್ರವನ್ನಷ್ಟೇ ನೋಡಿ ಹೇಳುವುದಾದರೆ, ನಿಮ್ಮ ಗರ್ಭಕೋಶಕ್ಕೂ ಅಂಡಾಶಯಕ್ಕೂ ಏನೂ ಆಗಿರಲಿಕ್ಕಿಲ್ಲ. ಅಲ್ಲಿಗೆ ಬರಬೇಕಾದ ಅಪ್ಪಣೆ ಮೇಲಿನಿಂದ ಬರುತ್ತಿಲ್ಲ. ಮಿದುಳಿನ ತಳದಲ್ಲಿ ಹೈಪೊಥಾಲಮಸ್ ಎಂಬ ಬಾದಾಮಿ ಗಾತ್ರದ ಭಾಗವಿದೆ. ಹಸಿವು, ಬಾಯಾರಿಕೆ, ಮೈ ಬಿಸಿ, ನಿದ್ದೆ ಎಲ್ಲದರ ಲೆಕ್ಕ ಇಡುವುದು ಅದು. ಮುಟ್ಟಿನ ಲೆಕ್ಕವೂ ಅದರ ಕೈಯಲ್ಲೇ ಇದೆ. ಮುಟ್ಟಾದ ಮೇಲಿನ ದಿನಗಳಲ್ಲಿ ಅದು ಸುಮಾರು ಗಂಟೆಗೋ ಒಂದೂವರೆ ಗಂಟೆಗೋ ಒಮ್ಮೆ ಒಂದು ಹಾರ್ಮೋನನ್ನು ಚಿಮ್ಮಿಸುತ್ತದೆ. ಅದು ಬಂತೆಂದರೆ ಕೆಳಗಿನ ಪಿಟ್ಯುಟರಿ ಗ್ರಂಥಿ ಅಂಡಾಶಯಕ್ಕೆ ಸುದ್ದಿ ಕಳಿಸುತ್ತದೆ. ಅಂಡಾಶಯ ಈಸ್ಟ್ರೊಜೆನ್ ತಯಾರಿಸುತ್ತದೆ, ಗರ್ಭಕೋಶದ ಒಳಪದರ ಬೆಳೆಯುತ್ತದೆ, ಅಂಡ ಬಿಡುಗಡೆಯಾಗುತ್ತದೆ, ಅದಾಗಿ ಎರಡು ವಾರಕ್ಕೆ ಮುಟ್ಟು. ಇಡೀ ಸರಪಳಿ ನಿಂತಿರುವುದು ಆ ತಾಳದ ಮೇಲೆ. 1970ರ ದಶಕದಲ್ಲಿ ಅಮೆರಿಕದ ಅರ್ನ್ಸ್ಟ್ ನೊಬಿಲ್ ಮಂಗಗಳಲ್ಲಿ ಇದನ್ನು ತೋರಿಸಿದರು. ಆ ಹಾರ್ಮೋನನ್ನು ಗಂಟೆಗೊಮ್ಮೆ ಕೊಟ್ಟರೆ ಅಂಡಾಶಯ ಕೆಲಸ ಮಾಡುತ್ತದೆ. ಅದನ್ನೇ ಬಿಡದೆ ಸುರಿದರೆ ನಿಲ್ಲುತ್ತದೆ. ತಾಳ ತಪ್ಪಿದರೆ ಕಥೆ ಮುಗಿಯಿತು.

ತಾಳ ತಪ್ಪುವುದು ಯಾವಾಗ? ಊಟ ಕಡಿಮೆಯಾದಾಗ, ಮೈ ದುಡಿತ ಹೆಚ್ಚಾದಾಗ, ಮನಸ್ಸು ಹಗಲೂ ರಾತ್ರಿ ಒಂದೇ ಚಿಂತೆಯಲ್ಲಿ ಬಿಗಿದುಕೊಂಡಾಗ. ನಿಮ್ಮ ಪತ್ರದಲ್ಲಿ ಮೂರೂ ಇವೆ.

ಬರಗಾಲ ಬಂದಾಗ ಹಳ್ಳಿಯ ಮನೆಯ ಯಜಮಾನ ಏನು ಮಾಡುತ್ತಾನೆ ನೆನಪಿಸಿಕೊಳ್ಳಿ. ದನಕ್ಕೆ ಮೇವು, ಮಕ್ಕಳಿಗೆ ಅಂಬಲಿ, ಬಿತ್ತಲು ಬೀಜ, ಇಷ್ಟನ್ನು ಮೊದಲು ಎತ್ತಿಡುತ್ತಾನೆ. ಮಗಳ ಮದುವೆ ಮುಂದಿನ ವರ್ಷಕ್ಕೆ. ಬೇಡ ಎಂದಲ್ಲ, ಈಗ ಬೇಡ ಎಂದು. ಒಂದು ಬಸಿರು ತಾಯಿಯಿಂದ ಹೆಚ್ಚುವರಿಯಾಗಿ ಕೇಳುವುದು ಒಟ್ಟು 75ರಿಂದ 80 ಸಾವಿರ ಕ್ಯಾಲೊರಿ. ದಿನಕ್ಕೆ ಸಾವಿರ ಕ್ಯಾಲೊರಿಯೂ ಬಾರದ ಮನೆಯಲ್ಲಿ ಹೈಪೊಥಾಲಮಸ್ ಅಷ್ಟು ದೊಡ್ಡ ಸಮಾರಂಭಕ್ಕೆ ಚಪ್ಪರ ಹಾಕುವುದಿಲ್ಲ. ನಿಮಗೆ ಸದ್ಯ ಮಗು ಬೇಕೋ ಬೇಡವೋ ಎಂದು ಅದು ಕೇಳುವುದೂ ಇಲ್ಲ.

ಇದು ಬರೀ ಉಪಮೆಯಲ್ಲ. 1944ರ ಕೊನೆಯಿಂದ 1945ರ ಮೇವರೆಗೆ, ಎರಡನೇ ಮಹಾಯುದ್ಧದ ಕೊನೆಯಲ್ಲಿ, ನೆದರ್ಲೆಂಡ್ಸ್‌ನ ಪಶ್ಚಿಮದ ನಗರಗಳಿಗೆ ಜರ್ಮನ್ ಸೇನೆ ಆಹಾರ ಹೋಗದಂತೆ ತಡೆಯಿತು. ಪಡಿತರ ದಿನಕ್ಕೆ ಸಾವಿರ ಕ್ಯಾಲೊರಿಗಿಂತ ಕೆಳಗಿಳಿಯಿತು. ಅಲ್ಲಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮುಟ್ಟು ನಿಂತಿತು, ಒಂಬತ್ತು ತಿಂಗಳ ಬಳಿಕ ಹುಟ್ಟುವ ಮಕ್ಕಳ ಸಂಖ್ಯೆಯೂ ಕುಸಿಯಿತು. ನಮ್ಮ ಕಡೆ ಧಾತು, ಈಶ್ವರ ಸಂವತ್ಸರಗಳ ಬರ ಎಂದು ಹಿರಿಯರು ಹೇಳುತ್ತಿದ್ದ 1876–78ರ ಬರದ ಬೆನ್ನಿಗೂ ಮದ್ರಾಸ್ ಪ್ರಾಂತ್ಯದ ಜನನ ದಾಖಲೆಗಳು ಹೀಗೇ ಇಳಿದಿದ್ದವು. ಬಳ್ಳಾರಿ ಆಗ ಆ ಪ್ರಾಂತ್ಯದಲ್ಲೇ ಇತ್ತು. ನೆದರ್ಲೆಂಡ್ಸ್‌ನಲ್ಲಿ ಯುದ್ಧ ಮುಗಿದು ರೊಟ್ಟಿ ಬಂದ ಮೇಲೆ ಮುಟ್ಟೂ ಬಂತು, ಮಕ್ಕಳೂ ಹುಟ್ಟಿದರು. ಅದನ್ನು ಬರಿಸಲು ಯಾರೂ ಮಾತ್ರೆ ಹಂಚಲಿಲ್ಲ.

"ನಾನೇನು ಬರಗಾಲದವಳ ಹಾಗೆ ಇಲ್ಲವಲ್ಲ, 51 ಕಿಲೋ ಇದ್ದೇನಲ್ಲ" ಎಂದು ನೀವು ಕೇಳಬಹುದು. ನಿಮ್ಮ ಎತ್ತರಕ್ಕೆ ಬಿಎಂಐ ಲೆಕ್ಕ ಹಾಕಿದರೆ 19.9 ಬರುತ್ತದೆ. ಚಾರ್ಟಿನಲ್ಲಿ ಅದು ಹಸಿರು ಬಣ್ಣದ ಖಾನೆಯಲ್ಲೇ ಇದೆ. ಜಿಮ್ಮಿನ ಗೋಡೆಯ ಚಾರ್ಟ್ ನಂಬಿ ಎಷ್ಟೋ ಹುಡುಗಿಯರು ಮೋಸ ಹೋಗುವುದು ಇಲ್ಲಿಯೇ. ಹಿಂದೆ ವಿಜ್ಞಾನಿಗಳೂ ಹೀಗೇ ಯೋಚಿಸಿದ್ದರು. 1974ರಲ್ಲಿ ಹಾರ್ವರ್ಡ್‌ನ ರೋಸ್ ಫ್ರಿಶ್ ಮತ್ತು ಜಾನೆಟ್ ಮೆಕಾರ್ಥರ್, ಮೊದಲ ಮುಟ್ಟು ಬರಲು ದೇಹದಲ್ಲಿ ಶೇ 17ರಷ್ಟು, ಅದು ತಪ್ಪದೆ ನಡೆಯಲು ಶೇ 22ರಷ್ಟು ಕೊಬ್ಬು ಬೇಕು ಎಂದು ಬರೆದರು. ಕೊಬ್ಬಿಗೂ ಮುಟ್ಟಿಗೂ ಸಂಬಂಧ ಇದೆ ಎಂದು ಗುರುತಿಸಿದ್ದು ದೊಡ್ಡ ಕೆಲಸವೇ. ಆದರೆ ಆ ಗೆರೆ ಎಲ್ಲರಿಗೂ ಹೊಂದಲಿಲ್ಲ. ತೀರಾ ತೆಳ್ಳಗಿದ್ದೂ ತಿಂಗಳು ತಪ್ಪದೆ ಮುಟ್ಟಾಗುವವರಿದ್ದಾರೆ, ಮೈ ತುಂಬಿಕೊಂಡಿದ್ದೂ ಡಯಟ್ ಹಿಡಿದ ಎರಡೇ ತಿಂಗಳಲ್ಲಿ ನಿಲ್ಲಿಸಿಕೊಂಡವರಿದ್ದಾರೆ.

ಮುಂದೆ ಒಹಾಯೊ ವಿಶ್ವವಿದ್ಯಾಲಯದ ಆನ್ ಲೌಕ್ಸ್ ಪ್ರಶ್ನೆಯನ್ನೇ ಬದಲಿಸಿದರು. ದೇಹ ಎಷ್ಟು ತೂಗುತ್ತದೆ ಎಂಬುದನ್ನು ಬಿಟ್ಟು, ತಿಂದದ್ದರಲ್ಲಿ ವ್ಯಾಯಾಮಕ್ಕೆ ಹೋಗಿ ಮಿಕ್ಕಿದ್ದೆಷ್ಟು ಎಂದು ಕೇಳಿದರು. ಈ ಮಿಕ್ಕಿದ್ದನ್ನು ದೇಹದ ಕೊಬ್ಬಲ್ಲದ ತೂಕದಿಂದ ಭಾಗಿಸಬೇಕು. ಕಿಲೋಗೆ 45 ಕ್ಯಾಲೊರಿ ಸಿಕ್ಕರೆ ಸಂಸಾರ ನಡೆಯುತ್ತದೆ. 30ಕ್ಕಿಂತ ಕೆಳಗೆ ಹೋದರೆ ಮಿದುಳಿನ ತಾಳ ನಿಧಾನವಾಗುತ್ತದೆ. 2003ರ ಪ್ರಯೋಗದಲ್ಲಿ ಅವರು ಆರೋಗ್ಯವಂತ ಯುವತಿಯರನ್ನು ಹೀಗೆ ಕಡಿಮೆ ಉಣಿಸಿ ಇಟ್ಟದ್ದು ಐದೇ ದಿನ. ಐದನೇ ದಿನಕ್ಕೆ ತಾಳ ಕೆಟ್ಟದ್ದು ರಕ್ತ ಪರೀಕ್ಷೆಯಲ್ಲಿ ಕಂಡಿತ್ತು. ಐದು ದಿನದಲ್ಲಿ ಯಾರೂ ಕಣ್ಣಿಗೆ ಕಾಣುವಷ್ಟು ಸಣ್ಣಗಾಗುವುದಿಲ್ಲ.

ನಿಮ್ಮ ಲೆಕ್ಕ ಮಾಡೋಣ. 51 ಕಿಲೋದಲ್ಲಿ ಕೊಬ್ಬು ಬಿಟ್ಟರೆ ಸುಮಾರು 40 ಕಿಲೋ ಇದ್ದೀತು. ನೀವು ಬರೆದ ಊಟವನ್ನು ಧಾರಾಳವಾಗಿ ಎಣಿಸಿದರೂ ಸಾವಿರ ಕ್ಯಾಲೊರಿ ದಾಟುವುದಿಲ್ಲ. ಒಂದು ಗಂಟೆಯ ಜಿಮ್ಮಿಗೆ 250 ಕಳೆಯಿರಿ. 750 ಉಳಿಯಿತು. 40ರಿಂದ ಭಾಗಿಸಿದರೆ 19. ಉಸಿರಾಟ, ಹೃದಯ, ಮೈಬಿಸಿ, ಮಿದುಳು, ಮೂಳೆ, ಕೂದಲು ಎಲ್ಲವೂ ಅಷ್ಟರಲ್ಲೇ ನಡೆಯಬೇಕು. ಕೈಕಾಲು ತಣ್ಣಗಿರುವುದು, ಕೂದಲು ಉದುರುವುದು, ಬೆಳಗಿನ ಜಾವ ಎಚ್ಚರವಾಗುವುದು, ಸಣ್ಣ ಮಾತಿಗೆ ಸಿಡುಕುವುದು ಇವೆಲ್ಲ ಇದರ ಬಳಗ. ನೀವು ಬರೆದಿಲ್ಲ, ಆದರೆ ಇವುಗಳಲ್ಲಿ ಒಂದೆರಡಾದರೂ ಇರಬಹುದು ಎಂದು ನನ್ನ ಊಹೆ.

ಮಿಕ್ಕಿದ್ದೆಷ್ಟು ಎಂಬ ಸುದ್ದಿ ಮಿದುಳಿಗೆ ಹೋಗುವ ದಾರಿಗಳೂ ಈಗ ಸ್ವಲ್ಪ ಸ್ವಲ್ಪ ಗೊತ್ತಾಗಿವೆ. ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ನ್ಯೂಯಾರ್ಕ್‌ನಲ್ಲಿ ಅದನ್ನು ಕಂಡುಹಿಡಿಯಿತು. ಕೊಬ್ಬು ಕರಗಿದರೆ ಅದು ಇಳಿಯುತ್ತದೆ, ಊಟ ಕಡಿಮೆಯಾದರೂ ಇಳಿಯುತ್ತದೆ. ಮಿದುಳಿನಲ್ಲಿ ಆ ಸುದ್ದಿಯನ್ನು ಮುಟ್ಟಿನ ತಾಳಕ್ಕೆ ದಾಟಿಸುವ ಕೊಂಡಿಗಳಲ್ಲಿ ಒಂದಕ್ಕೆ ಕಿಸ್‌ಪೆಪ್ಟಿನ್ ಎಂದು ಹೆಸರು. ಅದರ ಜೀನು ಪತ್ತೆಯಾದದ್ದು ಪೆನ್ಸಿಲ್ವೇನಿಯಾದ ಹರ್ಷಿ ಊರಿನಲ್ಲಿ. ಆ ಊರಿನ ಹೆಸರುವಾಸಿ ಚಾಕೊಲೆಟ್ "ಕಿಸಸ್", ಹೆಸರು ಬಂದದ್ದು ಅದರಿಂದ. ಡಯಟ್ ಮಾಡುವವರ ಮುಟ್ಟಿನ ಕೀಲಿಕೈಗೆ ಚಾಕೊಲೆಟ್ಟಿನ ಹೆಸರು!

ಈಗ ಮಾತ್ರೆಯ ವಿಷಯ. ನಿಮಗೆ ಕೊಟ್ಟದ್ದು ಪ್ರೊಜೆಸ್ಟರಾನ್ ಬಳಗದ ಮಾತ್ರೆ ಇರಬೇಕು. ಹಬ್ಬಕ್ಕೆ, ಮದುವೆಗೆ ಮುಟ್ಟು ಮುಂದೂಡಲು ಹೆಂಗಸರು ನುಂಗುವುದೂ ಇದೇ ಬಳಗದ್ದು. ನುಂಗುತ್ತಿರುವಾಗ ಒಳಪದರ ಅಂಟಿಕೊಂಡಿರುತ್ತದೆ, ನಿಲ್ಲಿಸಿದ ಕೆಲವು ದಿನಕ್ಕೆ ಕಳಚಿ ಬೀಳುತ್ತದೆ. ನೋಡಲು ಮುಟ್ಟಿನ ಹಾಗೇ ಇರುತ್ತದೆ. ಆದರೆ ಅಂಡ ಬೆಳೆದಿಲ್ಲ, ಮಿದುಳಿನ ತಾಳ ಸರಿಯಾಗಿಲ್ಲ. ಬಾವಿಯಲ್ಲಿ ಇದ್ದ ನೀರನ್ನು ಎತ್ತಿ ಹಾಕಿದ ಹಾಗೆ, ಅಷ್ಟೆ, ಸೆಲೆ ತೆರೆದಿಲ್ಲ. ಮೊದಲ ಸಲ ಸ್ವಲ್ಪ ಆಗಿ ಎರಡನೇ ಸಲ ಏನೂ ಆಗದಿದ್ದದ್ದು ನನಗೆ ನಿಮ್ಮ ಪತ್ರದಲ್ಲೇ ಎಲ್ಲಕ್ಕಿಂತ ಮುಖ್ಯ ಎನಿಸಿದ ಸಾಲು. ಮೊದಲ ಸಲ ಕಳಚಿ ಬೀಳಲು ಒಂದಿಷ್ಟು ಪದರ ಇತ್ತು. ಎರಡನೇ ಸಲಕ್ಕೆ ಪದರವೇ ಬೆಳೆದಿರಲಿಲ್ಲ. ಎಂದರೆ ಆ ಎರಡು ತಿಂಗಳಲ್ಲಿ ನಿಮ್ಮ ಈಸ್ಟ್ರೊಜೆನ್ ಇನ್ನೂ ಇಳಿದಿರುವ ಸಾಧ್ಯತೆ ಹೆಚ್ಚು. ಮೂರನೇ ಸಲ ಆ ಅಂಗಡಿಗೆ ಹೋಗಬೇಡಿ.

ಇನ್ನು ಕೆಲವರು ಗರ್ಭನಿರೋಧಕ ಮಾತ್ರೆ ಕೊಟ್ಟು "ರೆಗ್ಯುಲರ್ ಮಾಡೋಣ" ಎನ್ನುತ್ತಾರೆ. ತಿಂಗಳಿಗೊಮ್ಮೆ ರಕ್ತ ಕಾಣಿಸುತ್ತದೆ, ಮನಸ್ಸಿಗೆ ಸಮಾಧಾನವೂ ಆಗುತ್ತದೆ. ಅಪಾಯ ಇರುವುದು ಆ ಸಮಾಧಾನದಲ್ಲೇ. ಒಳಗೆ ತಾಳ ಮರಳಿತೋ ಇಲ್ಲವೋ ತಿಳಿಯಲು ನಮಗಿರುವ ಒಂದೇ ಕಿಟಕಿ ಮುಚ್ಚಿಹೋಗುತ್ತದೆ. ಬರೀ ಮುಟ್ಟು ಬರಿಸಲು, ಮೂಳೆ ಉಳಿಸಲು ಎಂದು ಈ ಮಾತ್ರೆ ಕೊಡಬೇಡಿ ಎಂದು ಅಮೆರಿಕದ ಎಂಡೋಕ್ರೈನ್ ಸೊಸೈಟಿ 2017ರ ಮಾರ್ಗಸೂಚಿಯಲ್ಲೇ ಹೇಳಿದೆ. ಊಟ, ವಿಶ್ರಾಂತಿ, ಮನಸ್ಸಿನ ಚಿಕಿತ್ಸೆ ಎಲ್ಲ ನೋಡಿ ಆರು ತಿಂಗಳಿಂದ ಒಂದು ವರ್ಷವಾದರೂ ಬಾರದಿದ್ದರೆ, ಮೂಳೆಗಾಗಿ ಚರ್ಮಕ್ಕೆ ಅಂಟಿಸುವ ಈಸ್ಟ್ರೊಜೆನ್ ಪಟ್ಟಿ ಮತ್ತು ಜೊತೆಗೆ ಪ್ರೊಜೆಸ್ಟರಾನ್ ಕೊಡುವ ದಾರಿ ಇದೆ. ಅದು ತಜ್ಞರ ಕೆಲಸ.

ಮೂಳೆ ಎಂದೆ. ಮುಟ್ಟು ಬಾರದಿದ್ದರೆ ಪ್ಯಾಡಿನ ಖರ್ಚಾದರೂ ಉಳಿಯಿತು ಎಂದು ನಗುವ ಹುಡುಗಿಯರಿಗೆ ಹೇಳಬೇಕಾದ ಮಾತು ಇದೇ. ಮೂಳೆಯ ಗಟ್ಟಿತನ ಬಹುಪಾಲು 30 ವರ್ಷದೊಳಗೆ ಕೂಡಿಡುವ ಗಂಟು. ಅದಕ್ಕೆ ಕಾವಲು ಈಸ್ಟ್ರೊಜೆನ್. ಕೂಡಿಡಬೇಕಾದ ವಯಸ್ಸಿನಲ್ಲಿ ಕಾವಲು ಹೋದರೆ ಗಂಟು ಕರಗುತ್ತದೆ, ಹೋದದ್ದೆಲ್ಲ ಆಮೇಲೆ ವಾಪಸು ಬರುತ್ತದೆ ಎಂಬ ಭರವಸೆ ಇಲ್ಲ. ಓಟಗಾರ್ತಿಯರ ಕಾಲಿನ ಮೂಳೆಯಲ್ಲಿ ಕಾಣಿಸುವ ಕೂದಲೆಳೆಯ ಬಿರುಕುಗಳ ಹಿಂದೆ ಎಷ್ಟೋ ಸಲ ಇದೇ ಕಥೆ ಇರುತ್ತದೆ. ರಾಗಿ ತಿನ್ನುತ್ತೇನೆ, ಸಾಕಲ್ಲ ಎನ್ನಬೇಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಿಜ. ಈಸ್ಟ್ರೊಜೆನ್ ಇಲ್ಲದ ಮನೆಯಲ್ಲಿ ಅದು ಇಟ್ಟಿಗೆ ಬಂದರೂ ಮೇಸ್ತ್ರಿ ಬಾರದ ಹಾಗೆ.

ಗೆಳತಿ ಹೇಳಿದ ಪಿಸಿಓಡಿಗೆ, ಅಂದರೆ ಅಂಡಾಶಯದಲ್ಲಿ ಸಣ್ಣ ಗುಳ್ಳೆಗಳು ತುಂಬುವ ತೊಂದರೆಗೆ ಬರೋಣ. ಅವರು ಹೇಳಿದ್ದು ಪೂರ್ತಿ ಅಸಂಬದ್ಧವಲ್ಲ. ನಮ್ಮಲ್ಲಿ ಮುಟ್ಟು ತಪ್ಪುವ ಹುಡುಗಿಯರಲ್ಲಿ ಪಿಸಿಓಡಿ ಬಹಳ ಮಂದಿಗೆ ಇದೆ, ತೂಕ ಹೆಚ್ಚಿರುವವರಿಗೆ ಅಲ್ಲಿ ತೂಕ ಇಳಿಸುವುದೇ ಔಷಧ. ತೊಡಕು ಏನೆಂದರೆ, ಊಟ ಬಿಟ್ಟು ಮುಟ್ಟು ನಿಂತವರ ಸ್ಕ್ಯಾನಿಂಗ್‌ನಲ್ಲೂ ಅಂಡಾಶಯದ ತುಂಬ ಸಣ್ಣ ಸಣ್ಣ ಗುಳ್ಳೆ ಕಾಣಿಸಬಹುದು. ಬೆಳೆಯಲು ಅಪ್ಪಣೆ ಸಿಗದೆ ಅರ್ಧಕ್ಕೆ ನಿಂತ ಅಂಡಕೋಶಗಳು ಅವು. ಸ್ಕ್ಯಾನಿಂಗ್ ಚೀಟಿ ಒಂದನ್ನೇ ನೋಡಿದವರು ಪಿಸಿಓಡಿ ಎಂದು ಬರೆದುಬಿಡುತ್ತಾರೆ. ಆಮೇಲೆ ಇನ್ನಷ್ಟು ಡಯಟ್, ಇನ್ನಷ್ಟು ಟ್ರೆಡ್‌ಮಿಲ್. ಬೆಂಕಿ ಆರಿಸಲು ಎಣ್ಣೆ ಸುರಿದಂತೆ. ಬೇರೆ ಮಾಡಿ ನೋಡುವ ದಾರಿ ಇದೆ. 63 ಕಿಲೋ ಇದ್ದಾಗ ನಿಮಗೆ ತಿಂಗಳಿಗೆ ಸರಿಯಾಗಿ ಮುಟ್ಟಾಗುತ್ತಿತ್ತೇ? ಗಲ್ಲದ ಮೇಲೆ ಒರಟು ಕೂದಲು, ವಿಪರೀತ ಮೊಡವೆ ಇದೆಯೇ? ತಿಂಗಳಿಗೆ ಸರಿಯಾಗಿ ಆಗುತ್ತಿದ್ದು, ತೂಕ ಇಳಿಯುತ್ತಾ ಬಂದ ಹಾಗೆ ನಿಂತಿತು ಎಂದಾದರೆ ಪಿಸಿಓಡಿಗಿಂತ ಊಟದ ಕಡೆ ಬೆರಳು ತೋರಿಸಬೇಕು. ರಕ್ತದಲ್ಲಿ ಎಲ್‌ಎಚ್ ಎಂಬ ಹಾರ್ಮೋನ್ ಪಿಸಿಓಡಿಯಲ್ಲಿ ಸಾಮಾನ್ಯವಾಗಿ ಕಡಿಮೆ ಇರುವುದಿಲ್ಲ, ನಿಮ್ಮಂಥವರಲ್ಲಿ ಕಡಿಮೆ ಇರುತ್ತದೆ.

ಆದ್ದರಿಂದ ಒಬ್ಬ ಸ್ತ್ರೀರೋಗ ತಜ್ಞರನ್ನು ಕಾಣಿ. ಮೂರು ತಿಂಗಳು ಮುಟ್ಟು ನಿಂತರೇ ಪರೀಕ್ಷೆ ಮಾಡಿಸಬೇಕು, ನಿಮಗೆ ಐದಾಗಿದೆ. ಥೈರಾಯ್ಡ್, ಪ್ರೊಲ್ಯಾಕ್ಟಿನ್, ಎಫ್‌ಎಸ್‌ಎಚ್, ಎಲ್‌ಎಚ್, ಈಸ್ಟ್ರಡಯಾಲ್, ಹಿಮೋಗ್ಲೋಬಿನ್, ಒಂದು ಸ್ಕ್ಯಾನಿಂಗ್, ಇಷ್ಟು ಸಾಕು. ಥೈರಾಯ್ಡ್ ಏರುಪೇರು, ಪ್ರೊಲ್ಯಾಕ್ಟಿನ್ ಹೆಚ್ಚಳ, ಅಂಡಾಶಯ ಅವಧಿಗೆ ಮೊದಲೇ ಸೋಲುವುದು ಇವೆಲ್ಲ ಡಯಟ್ ಮಾಡುವವರಿಗೂ ಬರಬಹುದಾದ ಕಾಯಿಲೆಗಳೇ. ಆರು ತಿಂಗಳು ದಾಟಿದರೆ ಮೂಳೆಯ ಸಾಂದ್ರತೆಯ ಸ್ಕ್ಯಾನ್ ಬಗ್ಗೆಯೂ ಕೇಳಿ. ಎದುರಿಗೆ ಕೂತಾಗ ತೂಕ ಎಷ್ಟಿತ್ತು, ಎಷ್ಟಾಯಿತು, ದಿನಾ ಏನು ತಿನ್ನುತ್ತೀರಿ ಎಂಬುದನ್ನು ನನಗೆ ಬರೆದ ಹಾಗೇ ಹೇಳಿ. ಈಗಿನ 51 ಕಿಲೋವನ್ನಷ್ಟೇ ನೋಡಿದರೆ ಯಾವ ವೈದ್ಯರಿಗೂ ಅನುಮಾನ ಬರುವುದಿಲ್ಲ.

ಈಗ ಅಸಲು ಪ್ರಶ್ನೆ. ಮತ್ತೆ ದಪ್ಪಗಾಗದೆ ಮುಟ್ಟು ಬರಬೇಕು ಎಂದು ಕೇಳಿದ್ದೀರಿ. ನಿಮ್ಮ ಷರತ್ತನ್ನು ಹಾಗೇ ಒಪ್ಪಿ ಉತ್ತರ ಕೊಡಲು ನನ್ನಿಂದಾಗದು. 63ಕ್ಕೆ ವಾಪಸು ಹೋಗಲೇಬೇಕು ಎಂದು ಹೇಳುತ್ತಿಲ್ಲ. ಮುಟ್ಟು ನಿಂತ ತಿಂಗಳು ನಿಮ್ಮ ತೂಕ ಎಷ್ಟಿತ್ತೋ ಅದರ ಆಸುಪಾಸಿಗೆ, ಹಲವರಿಗೆ ಅದಕ್ಕಿಂತ ಒಂದೆರಡು ಕಿಲೋ ಮೇಲಕ್ಕೆ ಹೋದಾಗ ತಾಳ ಮರಳುತ್ತದೆ. ನಿಮಗೆ ಅದು 55 ಇರಬಹುದು, 58 ಇರಬಹುದು. ಆ ಅಂಕಿಯನ್ನು ನಾನೂ ಹೇಳಲಾರೆ, ಜಿಮ್ ಟ್ರೇನರೂ ಹೇಳಲಾರರು. ನಿಮ್ಮ ಹೈಪೊಥಾಲಮಸ್ ಹೇಳಬೇಕು. 51ರಲ್ಲೇ ಗೂಟ ಹೊಡೆದುಕೊಂಡು ಕೂತು ಮುಟ್ಟನ್ನು ಕಾಯುವುದು ಮಾತ್ರ ಆಗದ ಕೆಲಸ.

ಊಟ ಹೇಗೆ ಹೆಚ್ಚಿಸುವುದು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪೌಷ್ಟಿಕತೆಯ ಸಂಸ್ಥೆ 2020ರಲ್ಲಿ, ಹೆಚ್ಚು ಮೈದುಡಿತವಿಲ್ಲದ 55 ಕಿಲೋದ ಹೆಣ್ಣಿಗೆ ದಿನಕ್ಕೆ 1660 ಕ್ಯಾಲೊರಿ, ಮಧ್ಯಮ ದುಡಿತ ಇದ್ದರೆ 2130 ಬೇಕೆಂದು ಲೆಕ್ಕ ಹಾಕಿದೆ. ಬಾಕಿ ತೀರಿಸಬೇಕಾದ ನಿಮಗೆ 2000ದ ಆಸುಪಾಸು ಇರಲಿ. ಹೆದರಬೇಡಿ, ಒಂದೇ ದಿನಕ್ಕೆ ಅಲ್ಲ. ವಾರಕ್ಕೆ 200–300ರಂತೆ ಏರಿಸಿ. ಅದೇ ಓಟ್ಸನ್ನು ಕೆನೆ ಇರುವ ಹಾಲಿನಲ್ಲಿ ಬೇಯಿಸಿ, ಒಂದು ಬಾಳೆಹಣ್ಣು ಹೆಚ್ಚಿ ಹಾಕಿ, ಮೇಲೆ ಒಂದು ಹಿಡಿ ಶೇಂಗಾ. ಅಲ್ಲಿಗೆ ಸುಮಾರು 550 ಕ್ಯಾಲೊರಿ. ನಿಜ ಹೇಳಬೇಕೆಂದರೆ ಓಟ್ಸ್ ಬಿಟ್ಟು ಇಡ್ಲಿ, ಉಪ್ಪಿಟ್ಟು, ಅವಲಕ್ಕಿ ತಿಂದರೂ ನನಗೆ ಸಂತೋಷವೇ. ಮಧ್ಯಾಹ್ನದ ಚಪಾತಿಗೆ ಎಣ್ಣೆ ಬರಲಿ, ಪಕ್ಕದಲ್ಲಿ ಒಂದು ಬಟ್ಟಲು ಅನ್ನ, ಸಾರು, ನೀರು ಮಜ್ಜಿಗೆಯ ಬದಲು ಗಟ್ಟಿ ಮೊಸರು. ಮೊಟ್ಟೆ ತಿನ್ನುವುದಾದರೆ ಹಳದಿಯನ್ನೂ ತಿನ್ನಿ, ಆ ಹಳದಿಯಲ್ಲೇ ಹೆಚ್ಚಿನ ಸಾರ ಇರುವುದು. ರಾತ್ರಿಗೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿಗೆ ಒಂದು ಚಮಚ ಎಣ್ಣೆ. ಮನೆಯಲ್ಲಿ ಮುದ್ದೆ ಮಾಡುವುದಾದರೆ ಮುದ್ದೆ. ಒಂದು ಚಿಕ್ಕ ಚಮಚ ತುಪ್ಪ ಎಂದರೆ 45 ಕ್ಯಾಲೊರಿ. ಹೊಟ್ಟೆ ಭಾರವಾಗದೆ ಲೆಕ್ಕ ಏರಿಸಲು ಇಷ್ಟು ಸುಲಭದ ದಾರಿ ಬೇರಿಲ್ಲ. ಹಾಗೆಯೇ ಅಜ್ಜಿಯ ಎಳ್ಳು ಬೆಲ್ಲ. ಔಷಧವಾಗಿ ಅದು ಏನನ್ನೂ ಮಾಡದು, ಆದರೆ ಎಣ್ಣೆಯಂಶ, ಸಕ್ಕರೆಯಂಶ ಎರಡೂ ಸೇರಿದ ಗಟ್ಟಿ ಊಟ ಅದು. ದಿನಾ ಸಂಜೆ ಎರಡು ಎಳ್ಳುಂಡೆ ತಿನ್ನಿ, ಅಜ್ಜಿಗೂ ಗೆದ್ದ ಖುಷಿ ಸಿಗಲಿ. ಪಪ್ಪಾಯಿ, ಅನಾನಸ್ ತಿಂದು ಮುಟ್ಟು ಬರಿಸುತ್ತೇನೆ ಎಂದು ಹೊರಡಬೇಡಿ, ಹಣ್ಣು ಎಂದು ಇಷ್ಟಪಟ್ಟು ತಿಂದರೆ ಅಡ್ಡಿಯಿಲ್ಲ.

ತೀರಾ ಒಣಗಿಹೋದವರು, ಬಿಎಂಐ 16ರ ಕೆಳಗಿರುವವರು ಹೀಗೆ ತಾವಾಗಿ ಊಟ ಏರಿಸಲು ಹೋಗಬಾರದು. ಬಹಳ ಕಾಲ ಉಪವಾಸವಿದ್ದ ಮೈಗೆ ಒಮ್ಮೆಗೇ ಊಟ ಬಿದ್ದರೆ ರಕ್ತದ ಲವಣಾಂಶಗಳು ಏರುಪೇರಾಗಿ ಜೀವಕ್ಕೇ ಕುತ್ತು ಬರಬಹುದು. ಅವರು ಆಸ್ಪತ್ರೆಯಲ್ಲೇ ಉಣ್ಣಬೇಕು. ನೀವು ಆ ಸ್ಥಿತಿಯಲ್ಲಿಲ್ಲ.

ಜಿಮ್ಮನ್ನು ಮೂರು ತಿಂಗಳು ಬಿಡಿ. ಈ ಮಾತಿಗೆ ಪ್ರತಿರೋಧ ಬರುತ್ತದೆ ಎಂದು ಗೊತ್ತು. ಊಟ ಹೆಚ್ಚಿಸಲು ಒಪ್ಪಿದವರೂ ಟ್ರೆಡ್‌ಮಿಲ್ ಬಿಡಲು ಒಪ್ಪುವುದಿಲ್ಲ. ಸಂಜೆ ಗೆಳತಿಯ ಜೊತೆ ಹರಟುತ್ತಾ ನಡೆಯಿರಿ, ಬೆವರು ಬರದಷ್ಟು ಯೋಗ ಮಾಡಿ, ಹೆಜ್ಜೆ ಎಣಿಸುವ ಗಡಿಯಾರ ಬಿಚ್ಚಿಡಿ. ಮುಟ್ಟು ಎರಡು ಮೂರು ಸಲ ತಾನಾಗಿ ಬಂದ ಮೇಲೆ ವ್ಯಾಯಾಮಕ್ಕೆ ಮರಳಬಹುದು. ಆಗ ಭಾರ ಎತ್ತುವುದು ಮೂಳೆಗೂ ಒಳ್ಳೆಯದು, ಅಂದು ಅದಕ್ಕೆ ತಕ್ಕಷ್ಟು ತಿನ್ನುವುದಾದರೆ ಮಾತ್ರ.

ಮನಸ್ಸಿನ ಮಾತನ್ನು ಕೊನೆಗಿಟ್ಟದ್ದು ಅದು ಸಣ್ಣದು ಎಂದಲ್ಲ. 2003ರಲ್ಲಿ ಪ್ರಕಟವಾದ ಸಾರಾ ಬರ್ಗಾ ತಂಡದ ಅಧ್ಯಯನದಲ್ಲಿ ಹೀಗೆ ಮುಟ್ಟು ನಿಂತ 16 ಮಹಿಳೆಯರಿದ್ದರು, ಎಲ್ಲರದೂ ಸಹಜ ತೂಕ. 8 ಮಂದಿಗೆ 20 ವಾರ ಬರೀ ಮಾತಿನ ಚಿಕಿತ್ಸೆ: ಊಟ, ಮೈಕಟ್ಟು, ಚಿಂತೆ ಇವುಗಳ ಬಗ್ಗೆ ತಮ್ಮ ಯೋಚನೆಯನ್ನು ತಾವೇ ತಿದ್ದಿಕೊಳ್ಳುವುದು. ಆ 8ರಲ್ಲಿ 7 ಮಂದಿಯ ಅಂಡಾಶಯ ಮತ್ತೆ ಚಟುವಟಿಕೆ ತೋರಿತು. ಸುಮ್ಮನೆ ಕಾಯ್ದ 8 ಮಂದಿಯಲ್ಲಿ ಹಾಗಾದದ್ದು ಇಬ್ಬರಿಗೆ. ಸಣ್ಣ ಅಧ್ಯಯನ, ನಿಜ. ಆದರೂ ನನಗೆ ಅದು ಆಶ್ಚರ್ಯವಲ್ಲ. "ಚೆನ್ನಾಗಿ ಕಾಣುತ್ತೀಯ" ಎಂದು ಎಲ್ಲರೂ ಹೇಳುವ ಮಾತು ನಿಮಗೆ ಎಷ್ಟು ಮುಖ್ಯ ಎಂಬುದು ನಿಮ್ಮ ಪತ್ರದಲ್ಲೇ ಕಾಣುತ್ತದೆ. ಅಕ್ಕನ ಮದುವೆ ಆಯಿತು, ಮುಂದಿನ ಸರದಿ ನಿಮ್ಮದು, ಹೆಣ್ಣು ನೋಡಲು ಬರುವವರ ಕಣ್ಣು ಮೊದಲು ಹೋಗುವುದು ಸೊಂಟದ ಕಡೆಗೆ ಎಂದು ಯಾರೋ ಹೇಳಿರುತ್ತಾರೆ. ಅಂಥ ಮನೆಗೆ ಹೋಗಿ ಜೀವಮಾನ ಸೂಪ್ ಕುಡಿಯುವುದಕ್ಕಿಂತ ಅವರು ಎದ್ದುಹೋಗುವುದೇ ಲೇಸು ಎಂದು ನನ್ನ ಅಭಿಪ್ರಾಯ.

ತಟ್ಟೆಯ ಮುಂದೆ ಕೂತಾಗ ಭಯವಾಗುತ್ತಿದ್ದರೆ, ತಿಂದ ಮೇಲೆ ವಾಂತಿ ಮಾಡಿಕೊಳ್ಳುತ್ತಿದ್ದರೆ, ಬಚ್ಚಿಟ್ಟುಕೊಂಡು ಒಮ್ಮೆಗೇ ವಿಪರೀತ ತಿಂದು ಮರುದಿನ ಉಪವಾಸ ಮಾಡುತ್ತಿದ್ದರೆ ಅದು ಹಟವಲ್ಲ, ಚಿಕಿತ್ಸೆ ಇರುವ ಕಾಯಿಲೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ತಲೆಸುತ್ತಿ ಬೀಳುತ್ತಿದ್ದರೆ, ಎದೆಬಡಿತ ತೀರಾ ನಿಧಾನವಾಗಿದ್ದರೆ ಫೋನಿಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಎಷ್ಟು ದಿನ ಬೇಕು? ಕೆಲವರಿಗೆ ಎರಡು ಮೂರು ತಿಂಗಳು, ಹಲವರಿಗೆ ಆರು, ಕೆಲವರಿಗೆ ವರ್ಷವೂ ಹಿಡಿಯುತ್ತದೆ. ಮೊದಲ ವಾರಗಳು ಕಷ್ಟ. ಹೊಟ್ಟೆ ಉಬ್ಬರಿಸುತ್ತದೆ, ತೂಕದ ಯಂತ್ರ ಒಂದೆರಡು ಕಿಲೋ ಥಟ್ಟನೆ ಏರುತ್ತದೆ. ಅದರಲ್ಲಿ ಬಹುಪಾಲು ನೀರು. ಹಸಿವು ರಾಕ್ಷಸ ಹಸಿವಾಗಬಹುದು, ಅದಕ್ಕೂ ಹೆದರಬೇಕಾಗಿಲ್ಲ. ತೂಕದ ಯಂತ್ರವನ್ನು ಅಟ್ಟದ ಮೇಲಿಡಿ. ಬೇರೆ ಗುರುತುಗಳನ್ನು ನೋಡಿ: ಬೆರಳ ತುದಿ ಬೆಚ್ಚಗಾಗುತ್ತದೆ, ರಾತ್ರಿ ಪೂರ್ತಿ ನಿದ್ದೆ ಬರುತ್ತದೆ, ಜೋಕಿಗೆ ನಗು ಬರುತ್ತದೆ, ಒಂದು ದಿನ ಮೊಟ್ಟೆಯ ಬಿಳಿಯಂತೆ ಎಳೆ ಬರುವ ಸ್ರಾವ ಕಾಣಿಸುತ್ತದೆ. ಕೊನೆಯದು ಕಾಯಿಲೆಯಲ್ಲ, ಈಸ್ಟ್ರೊಜೆನ್ ಮರಳಿದ ಸುದ್ದಿ. ಅಂಡ ಬಿಡುಗಡೆಯಾಗಿ ಎರಡು ವಾರವಾದ ಮೇಲೆ ಮುಟ್ಟು ಬರುವುದರಿಂದ, ಮೊದಲ ಮುಟ್ಟು ಕಾಣುವುದಕ್ಕಿಂತ ಮುಂಚೆಯೇ ಬಸಿರಾಗುವ ಸಾಧ್ಯತೆ ಇದೆ. ಮುಟ್ಟಿಲ್ಲ, ಹಾಗಾಗಿ ಭಯವಿಲ್ಲ ಎಂದುಕೊಂಡಿರುವ ಮದುವೆಯಾದ ಓದುಗರು ಇದನ್ನು ಗಮನಿಸಬೇಕು. ಮೊದಲ ಒಂದೆರಡು ಸಲ ಎರಡು ದಿನದಷ್ಟೇ ಕಾಣಿಸಬಹುದು, 45 ದಿನಕ್ಕೆ ಬರಬಹುದು. ಹಾಗಾದರೆ ಗಾಬರಿಯಾಗಿ ಮಾತ್ರೆಗೆ ಓಡಬೇಡಿ, ಗೆದ್ದೆ ಎಂದು ಹಳೆಯ ಸೂಪಿಗೂ ಮರಳಬೇಡಿ.

ಈ ವಾರ ರಕ್ತ ಕೊಟ್ಟು ಬನ್ನಿ. ವರದಿ ಬಂದ ಮೇಲೆ ಇದೇ ವಿಳಾಸಕ್ಕೆ ಮತ್ತೆ ಬರೆಯಿರಿ, ಹೆಸರು ಬೇಡವೆಂದರೆ ಬೇಡ. ಅಂಕಿಗಳ ಕೆಳಗೆ, ಅಂದು ಬೆಳಿಗ್ಗೆ ಏನು ತಿಂದಿರಿ ಎಂಬುದನ್ನೂ ಬರೆಯಿರಿ.